ಚಮಚದ ಬೆನ್ನ ಮೇಲೆ ಸಿಂಹ

ಹೋದ ತಿಂಗಳು ಈ ಅಂಕಣದಲ್ಲಿ ಹಳೇ ಬೆಳ್ಳಿ ಚಮಚಗಳ ಬಗ್ಗೆ ಸುಮ್ನೆ ಎರಡು ಮಾತು ಬರೆದಿದ್ದೆ. ಅದನ್ನು ಓದಿ ದಾವಣಗೆರೆ, ಚಿತ್ರದುರ್ಗದ ಕಡೆಯವರು ಅಟ್ಟ ಹತ್ತಿ ಟ್ರಂಕು ಇಳಿಸಿದ್ದೀರಿ ಅಂತ ಕಾಣುತ್ತದೆ, ಅಷ್ಟು ಪತ್ರ ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಬೆಳ್ಳಿಗೇ. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿಕೊಂಡಿದ್ದೀರಿ. ಸರಿ, ಮನೇಲಿ ಬೆಳ್ಳಿ ಇದೆ ಅಂತ ಊರಿಗೆಲ್ಲ ಡಂಗುರ ಸಾರುವುದು ಯಾರಿಗೆ ಬೇಕು? ಪ್ರತಿ ಪತ್ರದ ಕೆಳಗೆ ಊರಿನ ಹೆಸರು ಮಾತ್ರ ಹಾಕಿ, ಅದರ ಕೆಳಗೆ ನನ್ನ ಉತ್ತರ ಕೊಟ್ಟಿದ್ದೇನೆ.

ನಮ್ಮ ತಾತ ಅರಳೆ ವ್ಯಾಪಾರಕ್ಕೆ ಬೊಂಬಾಯಿಗೆ ಹೋಗಿ ಬರುತ್ತಿದ್ದರಂತೆ. ಅವರ ಟ್ರಂಕಿನಲ್ಲಿ ಹನ್ನೊಂದು ಚಮಚ, ಆರು ಫೋರ್ಕು ಸಿಕ್ಕಿವೆ, ಕಾಡಿಗೆ ಥರ ಕಪ್ಪಗಾಗಿವೆ. ಅಂಗಡಿಯಲ್ಲಿ ತೋರಿಸಿದರೆ ‘ಇದು ವಿಲಾಯಿತಿ ಮಾಲು, ಟಚ್ (ಅಂದ್ರೆ ಶುದ್ಧತೆ) ಕಮ್ಮಿ, ಕರಗಿಸಿ ತೂಕಕ್ಕೆ ತಗೋತೀವಿ, ಬೇಕಾದ್ರೆ ಬದಲಿಗೆ ಒಂದು ಜೊತೆ ದೀಪ ಕೊಡ್ತೀವಿ’ ಅಂದರು. ಚಮಚದ ಹಿಂದೆ ಸಣ್ಣ ಸಣ್ಣ ಮುದ್ರೆ ಇವೆ. ನಡೆಯುವ ಸಿಂಹ, ಲಂಗರು, ಒಂದು ಇಂಗ್ಲಿಷ್ ಅಕ್ಷರ, ಒಂದು ಹೆಂಗಸಿನ ಮುಖ, ಮತ್ತೆ ಬೇರೆ ಎರಡು ಅಕ್ಷರ. ಕೊಟ್ಟುಬಿಡಲಾ?
(ಪಿ.ಜೆ. ಬಡಾವಣೆ, ದಾವಣಗೆರೆ)

ಕೊಡಬೇಡಿ ಅಕ್ಕ. ಕಡೇಪಕ್ಷ ಇದನ್ನು ಓದಿ ಮುಗಿಸುವ ತನಕ ಕೊಡಬೇಡಿ.

ನೀವು ‘ಸಣ್ಣ ಸಣ್ಣ ಮುದ್ರೆ’ ಅಂತ ಬರೆದಿರುವುದು ಆ ಚಮಚದ ಜಾತಕ. ಒಂದೊಂದಾಗಿ ಓದೋಣ. ಬಲಗಾಲು ಎತ್ತಿ ನಡೆಯುವ ಸಿಂಹ ಇದ್ದರೆ ಅದು ಇಂಗ್ಲೆಂಡಿನ ಸ್ಟರ್ಲಿಂಗ್ ಬೆಳ್ಳಿ. ಅಂದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಅಪ್ಪಟ ಬೆಳ್ಳಿ ಮೆತ್ತಗಿರುತ್ತದೆ, ಚಮಚ ಮಾಡಿದರೆ ಬಾಗುತ್ತದೆ, ಅದಕ್ಕೇ ತಾಮ್ರ ಸೇರಿಸುವುದು. ಈ ಸಿಂಹವನ್ನು 1544ರಿಂದ ಹೊಡೆಯುತ್ತಾ ಬಂದಿದ್ದಾರೆ. ಮಾಡಿದವರೇ ಹೊಡೆದುಕೊಳ್ಳುವ ಹಾಗಿರಲಿಲ್ಲ, ಪರೀಕ್ಷೆ ಮಾಡುವ ಕಚೇರಿಗೆ ಕೊಟ್ಟು ಪಾಸಾದರೆ ಮಾತ್ರ ಬೀಳುತ್ತಿತ್ತು. ಲಂಡನ್ನಿನಲ್ಲಿ ಅಕ್ಕಸಾಲಿಗರ ಸಂಘದ ‘ಹಾಲ್’ಗೆ ಒಯ್ದು ಹೊಡೆಸುತ್ತಿದ್ದರಿಂದಲೇ ಅದು ಹಾಲ್‌ಮಾರ್ಕ್.

ಲಂಗರು ಅಂದರೆ ಬರ್ಮಿಂಗ್‌ಹ್ಯಾಮ್. ಆ ಊರಿಗೂ ಸಮುದ್ರಕ್ಕೂ ಸಂಬಂಧವೇ ಇಲ್ಲ, ನಮ್ಮ ದಾವಣಗೆರೆಗೆ ಲಂಗರು ಕೊಟ್ಟ ಹಾಗೆ. 1773ರಲ್ಲಿ ಬರ್ಮಿಂಗ್‌ಹ್ಯಾಮ್‌ಗೂ ಶೆಫೀಲ್ಡ್‌ಗೂ ಒಟ್ಟಿಗೆ ಪರೀಕ್ಷಾ ಕಚೇರಿ ಸಿಕ್ಕಿತು. ಅದಕ್ಕಾಗಿ ಓಡಾಡಿದವರು ಲಂಡನ್ನಿನಲ್ಲಿ ‘ಕಿರೀಟ ಮತ್ತು ಲಂಗರು’ ಅನ್ನೋ ಹೆಸರಿನ ಹೋಟೆಲಿನಲ್ಲಿ ಸೇರುತ್ತಿದ್ದರು, ಹಾಗಾಗಿ ಒಬ್ಬರು ಲಂಗರು ತಗೊಂಡರು ಇನ್ನೊಬ್ಬರು ಕಿರೀಟ ತಗೊಂಡರು ಅಂತ ಕಥೆ ಹೇಳುತ್ತಾರೆ. ಕಥೆ ಹೇಗಾದರೂ ಇರಲಿ, ಗುರುತು ಮಾತ್ರ ಗಟ್ಟಿ. ಲಂಡನ್ನಿಗೆ ಚಿರತೆ ಮುಖ, ಎಡಿನ್‌ಬರೋಗೆ ಕೋಟೆ, ಶೆಫೀಲ್ಡ್‌ಗೆ 1974ರ ತನಕ ಕಿರೀಟ, ಆಮೇಲೆ ಗುಲಾಬಿ.

ಈಗ ಆ ಹೆಂಗಸಿನ ಮುಖ. ನನಗೆ ಜಾಸ್ತಿ ಖುಷಿ ಕೊಟ್ಟದ್ದು ಅದೇ. 1784ರಿಂದ 1890ರ ತನಕ ಬೆಳ್ಳಿ ಸಾಮಾನಿಗೆ ಇಂಗ್ಲೆಂಡಿನಲ್ಲಿ ಸುಂಕ ಇತ್ತು. ಸುಂಕ ಕಟ್ಟಿದೆ ಅಂತ ತೋರಿಸಲು ಆಗಿನ ರಾಜನ ಮುಖ ಒತ್ತುತ್ತಿದ್ದರು. ಆ ಅವಧಿಯಲ್ಲಿ ಗಂಡಸರು ಮೂವರು ಆಳಿದರು, ಹೆಂಗಸು ಒಬ್ಬಳೇ, ವಿಕ್ಟೋರಿಯಾ. ಅವಳು ಪಟ್ಟಕ್ಕೆ ಬಂದದ್ದು 1837ರಲ್ಲಿ. ಅಂದರೆ ನಿಮ್ಮ ಚಮಚ 1837ಕ್ಕಿಂತ ಹಿಂದಿನದಲ್ಲ, 1890ರಿಂದ ಈಚಿನದೂ ಅಲ್ಲ. ಇನ್ನೂ ನಿಖರ ಬೇಕಾ? ಆ ಒಂಟಿ ಅಕ್ಷರ ವರ್ಷದ ಅಕ್ಷರ. ಪ್ರತಿ ವರ್ಷ ಬದಲಾಗುತ್ತಿತ್ತು. ಬರ್ಮಿಂಗ್‌ಹ್ಯಾಮ್‌ನ ಪಟ್ಟಿಯನ್ನೇ ನೋಡಬೇಕು, ಲಂಡನ್ನಿನ ಪಟ್ಟಿ ನೋಡಿದರೆ ವರ್ಷ ತಪ್ಪುತ್ತದೆ. ಅಕ್ಷರದ ಜೊತೆಗೆ ಅದರ ಸುತ್ತ ಇರುವ ಗುರಾಣಿಯ ಆಕಾರವೂ ಹೊಂದಬೇಕು. ಉಳಿದ ಎರಡು ಅಕ್ಷರ ಮಾಡಿದವನ ಹೆಸರಿನವು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥ ಭೂತಗನ್ನಡಿ ಒಂದು ತಗೊಳ್ಳಿ. ಮುದ್ರೆ ಸವೆದಿದ್ದರೆ ಅದರ ಮೇಲೆ ಬಾಯಿಂದ ಬಿಸಿಯುಸಿರು ಬಿಡಿ. ಹಬೆ ಆರುವ ಒಂದೆರಡು ಕ್ಷಣ ಗೆರೆಗಳು ಎದ್ದು ಕಾಣುತ್ತವೆ. ಯಾರಾದರೂ ಹಳೇ ಹೆಸರು ಉಜ್ಜಿ ಅಳಿಸಿದ್ದರೂ, ಮುರಿದು ಬೆಸುಗೆ ಹಾಕಿದ್ದರೂ ಆಗಲೇ ಗೊತ್ತಾಗುತ್ತದೆ.

ಅಂಗಡಿಯವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಅವರ ಲೆಕ್ಕ ಕರಗಿಸಿದ ಮೇಲಿನ ಲೆಕ್ಕ. ನೂರು ಗ್ರಾಂ ಚಮಚ ಕರಗಿಸಿದರೆ ಬೆಳ್ಳಿ 92.5 ಗ್ರಾಂ. ಅಷ್ಟಕ್ಕೂ ‘ಟಚ್ ಕಮ್ಮಿ’ ಅಂತ ಅದಕ್ಕಿಂತ ಕೆಳಗೆ ಇಳಿಸಿದರೆ ಮಾತ್ರ ಒಪ್ಪಬೇಡಿ. ಇನ್ನೊಂದು ಮಾತನ್ನೂ ನೇರವಾಗಿ ಹೇಳಿಬಿಡುತ್ತೇನೆ. ವಿಕ್ಟೋರಿಯಾ ಕಾಲದ ಸಾದಾ ಚಮಚ ಇಂಗ್ಲೆಂಡಿನಲ್ಲಿ ರಾಶಿ ರಾಶಿ ಇವೆ, ಹಾಗಾಗಿ ಲಕ್ಷಾಧಿಪತಿ ಆಗುವ ಕನಸು ಬೇಡ, ಬೆಳ್ಳಿ ರೇಟಿಗಿಂತ ಸ್ವಲ್ಪ ಮೇಲೆ ಬಂದರೂ ಬಂತೇ. ಆದರೆ ದೀಪ ನಾಳೆಯೂ ಅಂಗಡಿಯಲ್ಲಿ ಸಿಗುತ್ತದೆ, ತಾತ ಬೊಂಬಾಯಿಯಿಂದ ಹೊತ್ತು ತಂದ ಚಮಚ ಸಿಗಲ್ಲ.

ಹನ್ನೊಂದಿವೆ ಅಂದಿರಲ್ಲ, ಇಂಥವು ಡಜನ್ ಲೆಕ್ಕದಲ್ಲಿ ಬರುತ್ತಿದ್ದವು. ಹನ್ನೆರಡನೆಯದನ್ನು ಒಮ್ಮೆ ಟೀಪುಡಿ ಡಬ್ಬದಲ್ಲಿ ನೋಡಿ. ತಮಾಷೆ ಅಲ್ಲ, ನಮ್ಮ ಮನೆಯದು ಅಲ್ಲೇ ಇತ್ತು.

ಸಂತೆಯಲ್ಲಿ ಹಳೇ ಸಾಮಾನು ಮಾರುವವರ ಹತ್ತಿರ ಒಂದು ಟ್ರೇ, ಆರು ಚಮಚ ತಗೊಂಡೆ. ಹಿಂದೆ ‘ಇ.ಪಿ.ಎನ್.ಎಸ್. ಎ1’ ಅಂತಿದೆ. ‘ಇಂಗ್ಲೆಂಡ್ ಪ್ಯೂರ್ ನಂಬರ್ ಒನ್ ಸಿಲ್ವರ್ ಸಾರ್, ಎ ಒನ್ ಅಂತ ಬೇರೆ ಬರೆದಿದೆ ನೋಡಿ’ ಅಂದರು. ನಿಜವಾ?
(ಚಿತ್ರದುರ್ಗ)

ಆ ಮಾರಾಟಗಾರರ ಜಾಣತನಕ್ಕೆ ಒಂದು ನಮಸ್ಕಾರ. ಅದರ ವಿಸ್ತಾರ ಬೇರೆ. ಎಲೆಕ್ಟ್ರೋ ಪ್ಲೇಟೆಡ್ ನಿಕಲ್ ಸಿಲ್ವರ್. ಒಳಗೆ ನಿಕಲ್ ಸಿಲ್ವರ್, ಮೇಲೆ ಕರೆಂಟು ಹಾಯಿಸಿ ಕೂರಿಸಿದ ತೆಳು ಬೆಳ್ಳಿ ಲೇಪ. ನಿಕಲ್ ಸಿಲ್ವರ್ ಅಂದರೆ ನಮ್ಮಲ್ಲಿ ಈಗ ಪೂಜೆ ಸಾಮಾನಿನ ಅಂಗಡಿಗಳಲ್ಲಿ ಹೊಳೆಯುವ ಜರ್ಮನ್ ಸಿಲ್ವರೇ. ತಾಮ್ರ, ನಿಕಲ್, ಸತು ಸೇರಿದ ಲೋಹ. ಹೆಸರಲ್ಲಿ ಬಿಟ್ಟರೆ ಅದರೊಳಗೆ ಬೆಳ್ಳಿ ಎಲ್ಲೂ ಇಲ್ಲ. ಈ ಲೇಪದ ವಿದ್ಯೆಗೆ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಕಂಪನಿಯವರು 1840ರಲ್ಲಿ ಪೇಟೆಂಟ್ ಪಡೆದರು. ‘ಎ1’ ಅನ್ನುವುದು ಲೇಪ ಎಷ್ಟು ದಪ್ಪ ಅಂತ ಕಂಪನಿಯವರೇ ಹಾಕಿಕೊಳ್ಳುತ್ತಿದ್ದ ದರ್ಜೆ, ಬೆಳ್ಳಿಯ ಶುದ್ಧತೆ ಅಲ್ಲ.

ಬೇಜಾರು ಮಾಡಿಕೊಳ್ಳಬೇಡಿ, ನಾನೂ ಬಿದ್ದವನೇ. ಮೂವತ್ತು ವರ್ಷದ ಹಿಂದೆ ಬೆಂಗಳೂರಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಟೀ ಪಾಟ್ ಒಂದನ್ನು ನೋಡಿದೆ. ತಳದಲ್ಲಿ ನಾಲ್ಕು ಪುಟ್ಟ ಗುರಾಣಿ, ಒಂದೊಂದರಲ್ಲಿ ಒಂದೊಂದು ಸೊಟ್ಟ ಸೊಟ್ಟ ಹಳೇ ಶೈಲಿಯ ಅಕ್ಷರ. ಆಹಾ, ನಾಲ್ಕು ಹಾಲ್‌ಮಾರ್ಕ್ ಅಂದುಕೊಂಡು ಒಂದು ತಿಂಗಳ ಸಂಬಳ ಕೊಟ್ಟೆ. ಬಸ್ಸಿನಲ್ಲಿ ದಾವಣಗೆರೆ ತನಕ ಮಡಿಲಲ್ಲೇ ಇಟ್ಟುಕೊಂಡು ಬಂದೆ. ನನ್ನ ಹೆಂಡತಿ ಭಾನುವಾರ ಅದನ್ನು ಉಜ್ಜಿದಳು. ಮೂತಿಯ ಹತ್ತಿರ ಬಿಳಿ ಹೋಗಿ ಮಂಕು ಹಳದಿ ಇಣುಕಿತು. ‘ಇದೇನ್ರೀ, ನಿಮ್ಮ ರಾಣಿಗೆ ಕಾಮಾಲೆ ಬಂದಿದೆ’ ಅಂದಳು. ಆ ನಾಲ್ಕು ಅಕ್ಷರ ಮತ್ತೇನೂ ಅಲ್ಲ, ಇ, ಪಿ, ಎನ್, ಎಸ್. ಹಾಲ್‌ಮಾರ್ಕ್ ಥರ ಕಾಣಲಿ ಅಂತಲೇ ಬಿಡಿಬಿಡಿಯಾಗಿ ಹೊಡೆಯುತ್ತಿದ್ದರು ಅಂತ ಆಮೇಲೆ ತಿಳಿಯಿತು. ಟೀ ಪಾಟ್ ಈಗಲೂ ಇದೆ, ತುಳಸಿಗೆ ನೀರು ಹಾಕಲು ಬಹಳ ಅನುಕೂಲ.

ಮುಂದಿನ ಸಲ ಅನುಮಾನ ಬಂದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಚಿನ್ನ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಸಾಕು. ಮೊದಲು ಚಮಚವನ್ನು ಸುಮ್ನೆ ತೂಗಿ, 52 ಗ್ರಾಂ ಬಂತು ಅಂದುಕೊಳ್ಳಿ. ಆಮೇಲೆ ತಕ್ಕಡಿ ಮೇಲೆ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ. ಚಮಚಕ್ಕೆ ದಾರ ಕಟ್ಟಿ ನೀರಲ್ಲಿ ಪೂರ್ತಿ ಮುಳುಗುವ ಹಾಗೆ ಇಳಿಬಿಡಿ. ಲೋಟದ ತಳಕ್ಕೂ ಪಕ್ಕಕ್ಕೂ ತಾಗಬಾರದು, ದಾರ ನಿಮ್ಮ ಕೈಯಲ್ಲೇ ಇರಬೇಕು. ತಕ್ಕಡಿ 5 ಗ್ರಾಂ ತೋರಿಸಿದರೆ 52ನ್ನು 5ರಿಂದ ಭಾಗಿಸಿ, 10.4. ಸ್ಟರ್ಲಿಂಗ್ ಇರುವುದು ಆ ಆಸುಪಾಸಿನಲ್ಲೇ, 10.3ರ ಹತ್ತಿರ. 6 ಗ್ರಾಂ ತೋರಿಸಿದರೆ 8.7, ಅದು ಜರ್ಮನ್ ಸಿಲ್ವರ್. ಪೊಳ್ಳು ಹಿಡಿಯ ಚಾಕುವಿಗೆ, ಒಳಗೆ ಅರಗು ತುಂಬಿದ ದೀಪದ ಕಂಬಕ್ಕೆ ಈ ಲೆಕ್ಕ ನಡೆಯಲ್ಲ. ಅಂಗಡಿಯ ಟಚ್ ಮಷಿನ್ನನ್ನೂ ಕಣ್ಣುಮುಚ್ಚಿ ನಂಬಬೇಡಿ, ಅದು ನೋಡುವುದು ಮೇಲಿನ ಪದರವನ್ನು ಮಾತ್ರ. ಲೇಪ ದಪ್ಪಗಿದ್ದರೆ ಮಷಿನ್ನೂ ನನ್ನ ಹಾಗೆಯೇ ಮೋಸ ಹೋಗುತ್ತದೆ.

ಅತ್ತೆ ಬೆಳ್ಳಿ ಸಾಮಾನನ್ನೆಲ್ಲ ವಿಭೂತಿ ಹಾಕಿ ಉಜ್ಜುತ್ತಾರೆ. ನಾನು ಫಾಯಿಲ್ ಪೇಪರ್, ಸೋಡ ಹಾಕಿ ಬಿಸಿನೀರಲ್ಲಿ ಇಟ್ಟರೆ ಸಾಕು ಅಂತೀನಿ. ಯಾರದು ಸರಿ?
(ಹರಿಹರ)

ಅತ್ತೆ ಸೊಸೆ ನಡುವೆ ತೀರ್ಪು ಕೊಡುವಷ್ಟು ಧೈರ್ಯ ನನಗಿಲ್ಲ. ಬೆಳ್ಳಿ ಪರವಾಗಿ ಮಾತ್ರ ಮಾತಾಡುತ್ತೇನೆ.

ಆ ಕಪ್ಪು ಕೊಳೆ ಅಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಆದ ಪದರ. ಉಜ್ಜಿದಾಗ ಆ ಪದರದ ಜೊತೆ ಅದರಲ್ಲಿದ್ದ ಬೆಳ್ಳಿಯೂ ಬಟ್ಟೆಗೆ ಬರುತ್ತದೆ. ನುಣ್ಣನೆಯ ವಿಭೂತಿಯಾದರೆ ಒಂದು ಸಲಕ್ಕೆ ಹೋಗುವುದು ಕಣ್ಣಿಗೂ ಕಾಣದಷ್ಟು, ಆದರೆ ಐವತ್ತು ವರ್ಷ ಪ್ರತಿ ಹಬ್ಬಕ್ಕೆ ಉಜ್ಜಿದರೆ ಸಿಂಹದ ಬಾಲ ಹೋಗಿ ಬೆಕ್ಕು ಉಳಿಯುತ್ತದೆ. ಫಾಯಿಲ್ ವಿಧಾನದಲ್ಲಿ ಗಂಧಕ ಬೆಳ್ಳಿಯನ್ನು ಬಿಟ್ಟು ಹೋಗುತ್ತದೆ, ಬೆಳ್ಳಿ ಅಲ್ಲೇ ಉಳಿಯುತ್ತದೆ. ಪಾತ್ರೆಯ ತಳಕ್ಕೆ ಫಾಯಿಲ್ ಹಾಸಿ, ಅದಕ್ಕೆ ತಾಗುವ ಹಾಗೆ ಚಮಚ ಇಟ್ಟು, ಎರಡು ಚಮಚ ಅಡುಗೆ ಸೋಡ ಉದುರಿಸಿ ಕುದಿನೀರು ಸುರಿಯಿರಿ. ತಾಗಿರಲೇಬೇಕು, ಇಲ್ಲದಿದ್ದರೆ ಏನೂ ಆಗಲ್ಲ. ಕೊಳೆತ ಮೊಟ್ಟೆ ವಾಸನೆ ಬಂದರೆ ಕೆಲಸ ನಡೀತಿದೆ ಅಂತ ಅರ್ಥ.

ಹಾಗಂತ ಎಲ್ಲವನ್ನೂ ಅದರಲ್ಲಿ ಮುಳುಗಿಸಬೇಡಿ. ನಕಾಶೆ ಕೆಲಸ ಇರುವ ಸಾಮಾನಿನಲ್ಲಿ ಸಂದುಗಳಲ್ಲಿ ಕಪ್ಪು ಇದ್ದರೇನೇ ಬಳ್ಳಿ, ಹೂವು, ದೇವರ ಮುಖ ಎದ್ದು ಕಾಣುವುದು. ಫಾಯಿಲ್ ನೀರು ಅದನ್ನೂ ತೆಗೆದು ಬೋಳು ಮಾಡುತ್ತದೆ. ಅಂಥದ್ದಕ್ಕೆ ಅತ್ತೆಯ ಕೈಯೇ ಸರಿ, ಮೆತ್ತನೆ ಬಟ್ಟೆಯಲ್ಲಿ, ಉಬ್ಬಿದ ಕಡೆ ಮಾತ್ರ. ಚಾಕುಗಳನ್ನಂತೂ ಬಿಸಿನೀರಿಗೆ ಹಾಕಲೇಬೇಡಿ, ಹಿಡಿಯೊಳಗಿನ ಅರಗು ಕರಗಿ ಅಲಗು ಕಿತ್ತುಬರುತ್ತದೆ. ಹುಣಸೆಹುಳಿ ಹಿತ್ತಾಳೆ, ತಾಮ್ರಕ್ಕೆ ಇರಲಿ. ತೊಳೆದ ಮೇಲೆ ಒಣಗಿಸಿ ಹಳೇ ಕಾಟನ್ ಪಂಚೆಯಲ್ಲಿ ಸುತ್ತಿಡಿ. ಕಟ್ಟಲು ರಬ್ಬರ್ ಬ್ಯಾಂಡ್ ಹಾಕಿದಿರೋ, ಅದರಲ್ಲೂ ಗಂಧಕ ಇದೆ, ಮುಂದಿನ ಹಬ್ಬಕ್ಕೆ ಬಿಚ್ಚಿದರೆ ಪ್ರತಿ ಚಮಚಕ್ಕೂ ಸೊಂಟದಲ್ಲಿ ಕಪ್ಪು ಉಡಿದಾರ.

ಬೆಳ್ಳಿ ಬಟ್ಟಲಲ್ಲಿ ಉಪ್ಪಿನಕಾಯಿ ಇಡಬಹುದಾ?
(ಹೊಳಲ್ಕೆರೆ)

ಬಡಿಸಿ, ಊಟ ಆದ ತಕ್ಷಣ ತೊಳೆಯಿರಿ. ರಾತ್ರಿ ಪೂರ್ತಿ ಬಿಡಬೇಡಿ, ಉಪ್ಪು ಬೆಳ್ಳಿಯನ್ನು ತಿಂದು ತೂತು ತೂತು ಮಾಡುತ್ತದೆ. ಇಂಗ್ಲಿಷರ ಉಪ್ಪಿನ ಬಟ್ಟಲಿನೊಳಗೆ ನೀಲಿ ಗಾಜಿನ ಇನ್ನೊಂದು ಬಟ್ಟಲು ಇರುತ್ತದಲ್ಲ, ಅಂದಕ್ಕೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಮೊಟ್ಟೆಯೂ ಅಷ್ಟೇ, ಮುಟ್ಟಿದರೆ ಚಮಚ ಕಪ್ಪಾಗುತ್ತದೆ. ಅವರು ಮೊಟ್ಟೆ ಚಮಚಕ್ಕೆ ಚಿನ್ನದ ಲೇಪ ಕೊಡುತ್ತಿದ್ದರು. ನಾವು ಸ್ಟೀಲ್ ಚಮಚ ತಗೊಂಡರೆ ಆಯ್ತು.

ಈಗ ಹೊಸ ಬೆಳ್ಳಿ ತಗೊಂಡರೆ ಹಾಲ್‌ಮಾರ್ಕ್ ಕಡ್ಡಾಯವಾ?
(ವಿದ್ಯಾನಗರ, ದಾವಣಗೆರೆ)

ಚಿನ್ನದ ಹಾಗೆ ಕಡ್ಡಾಯ ಆಗಿಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹಾಲ್‌ಮಾರ್ಕ್ ಇದೆ, 2025ರ ಸೆಪ್ಟೆಂಬರ್ 1ರಿಂದ ಹೆಚ್‌ಯುಐಡಿ, ಅಂದರೆ ಒಂದೊಂದು ಸಾಮಾನಿಗೂ ಬೇರೆ ಬೇರೆಯಾಗಿ ಕೊಡುವ ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆಯೂ ಬಂದಿದೆ, ಆದರೆ ಹಾಕಿಸುವುದು ಅಂಗಡಿಯವರ ಇಷ್ಟ. ನೀವು ಕೇಳಿ, ಕೇಳಿದರೆ ಕೊಡುವವರಿದ್ದಾರೆ. 925 ಅಂತಿದ್ದರೆ ಸ್ಟರ್ಲಿಂಗ್ ಮಟ್ಟ, 990 ಅಂದರೆ ಹೆಚ್ಚುಕಡಿಮೆ ಅಪ್ಪಟ.

ಮಗ ಅಮೆರಿಕದಲ್ಲಿದ್ದಾನೆ. ಮುತ್ತಜ್ಜಿಯ ಬೆಳ್ಳಿ ಪನ್ನೀರುದಾನಿ, ನಕಾಶೆ ತಟ್ಟೆ ತಗೊಂಡು ಹೋಗುತ್ತೇನೆ ಅಂತಾನೆ. ತೊಂದರೆ ಇಲ್ಲ ತಾನೇ?
(ಚಿತ್ರದುರ್ಗ)

ಇದೆ. 1972ರ ಪುರಾತನ ವಸ್ತುಗಳ ಕಾಯ್ದೆ ಅಂತ ಒಂದಿದೆ. ನೂರು ವರ್ಷ ದಾಟಿದ, ಇತಿಹಾಸದ ಅಥವಾ ಕಲೆಯ ಮಹತ್ವ ಇರುವ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲಿ ತಡೆದರೆ ‘ನಮ್ಮ ಮುತ್ತಜ್ಜಿದು ಸಾರ್’ ಅಂದರೆ ಬಿಡಲ್ಲ. ಅಷ್ಟು ಹಳೆಯದಲ್ಲ ಅನ್ನಿಸಿದರೆ ಭಾರತೀಯ ಪುರಾತತ್ವ ಇಲಾಖೆಯಿಂದ ಇದು ಪುರಾತನ ವಸ್ತು ಅಲ್ಲ ಅನ್ನುವ ಪ್ರಮಾಣಪತ್ರ ಮೊದಲೇ ಮಾಡಿಸಿ. ಇಲ್ಲದಿದ್ದರೆ ಅದು ದುರ್ಗದಲ್ಲೇ ಇರಲಿ, ಮಗ ನೋಡೋಕಾದರೂ ಊರಿಗೆ ಬರುತ್ತಾನೆ.

ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಸಂಬಳ ಅಷ್ಟಕ್ಕಷ್ಟೇ. ಹಳೇ ಬೆಳ್ಳಿ ಕೂಡಿಸುವ ಆಸೆ. ಎಲ್ಲಿಂದ ಶುರು ಮಾಡಲಿ?
(ದಾವಣಗೆರೆ)

ಒಂದೇ ಒಂದು ಟೀ ಚಮಚದಿಂದ. ಸೆಟ್ ಆಸೆ ಈಗಲೇ ಬೇಡ. ಉಪ್ಪಿನ ಚಮಚ, ಸಾಸಿವೆ ಚಮಚ, ಸಕ್ಕರೆ ಚಿಮಟ, ಇಂಥ ಪುಟಾಣಿ ಸಾಮಾನು ಹದಿನೈದು ಇಪ್ಪತ್ತು ಗ್ರಾಂ ಒಳಗೇ ಇರುತ್ತವೆ, ಮುದ್ರೆ ಮಾತ್ರ ದೊಡ್ಡದರಲ್ಲಿ ಇರುವಷ್ಟೇ ಕಥೆ ಹೇಳುತ್ತವೆ. ಫೋರ್ಕ್ ತಗೊಳ್ಳುವಾಗ ಹಲ್ಲು ನೋಡಿ, ಎತ್ತಿನ ಹಲ್ಲು ನೋಡಿದ ಹಾಗೆ. ಸವೆದು ಮೊಂಡಾಗಿದ್ದರೆ ಬೆಲೆ ಅರ್ಧ. ಚಮಚದ ತುದಿಯ ಎಡಭಾಗ ತೆಳ್ಳಗಾಗಿರುತ್ತದೆ, ಬಲಗೈಯಲ್ಲಿ ತಿಂದವರ ಗುರುತು ಅದು, ಸ್ವಲ್ಪ ಇದ್ದರೆ ಪರವಾಗಿಲ್ಲ. ಬೆಣ್ಣೆ ಚಾಕು ಸಿಕ್ಕರೆ ನನಗೂ ಹೇಳಿ. ಬೆಣ್ಣೆ ದೋಸೆ ಊರಲ್ಲಿ ಕೂತು ಮೂವತ್ತು ವರ್ಷದಲ್ಲಿ ನನಗೆ ಸಿಕ್ಕಿರುವುದು ಎರಡೇ.

ವಿಲಾಯಿತಿಯದನ್ನೇ ಹುಡುಕಬೇಕು ಅಂತೇನಿಲ್ಲ. ಮದ್ರಾಸಿನ ಪಿ. ಓರ್, ಕಲ್ಕತ್ತದ ಹ್ಯಾಮಿಲ್ಟನ್ ಇಲ್ಲೇ ಮಾಡಿ ಮಾರುತ್ತಿದ್ದರು. ಮದ್ರಾಸ್ ಕಡೆಯ ‘ಸ್ವಾಮಿ’ ಕೆಲಸದಲ್ಲಿ ಟೀ ಪಾಟಿನ ಹೊಟ್ಟೆ ತುಂಬ ದೇವರುಗಳು. ಸಾಹೇಬರು ನಮ್ಮ ದೇವರ ಮೂತಿಯಿಂದ ಚಹಾ ಬಗ್ಗಿಸಿಕೊಂಡು ಕುಡಿದರು, ನೋಡಿ. ಕಚ್ಛ್ ಕಡೆಯ ಒಮರ್ಸಿ ಮಾವ್‌ಜಿಯ ‘ಒ.ಎಂ. ಭುಜ್’ ಮುದ್ರೆ ಸಿಕ್ಕರಂತೂ ಜಗತ್ತಿನಲ್ಲೆಲ್ಲ ಗಿರಾಕಿ, ನಮ್ಮ ನಿಮ್ಮ ಸಂಬಳಕ್ಕೆ ಎಟುಕಲ್ಲ. ಒಂದು ನೆನಪಿಡಿ, ಆಗ ಇಲ್ಲಿ ಸರಕಾರದ ಪರೀಕ್ಷಾ ಕಚೇರಿ ಇರಲಿಲ್ಲ. ಸಿಂಹ, ಲಂಗರು ಇಲ್ಲ ಅಂತ ಇಲ್ಲಿಯ ಬೆಳ್ಳಿಯನ್ನು ತಳ್ಳಿಹಾಕಬೇಡಿ, ಮಾಡಿದವರ ಹೆಸರೇ ಅದಕ್ಕೆ ಮುದ್ರೆ.

ನಮ್ಮ ಅಜ್ಜನ ಬೆಳ್ಳಿ ಕರಡಿಗೆ ಇದೆ. ಲಿಂಗ ಅಜ್ಜನ ಜೊತೆಗೇ ಹೋಯಿತು, ಕರಡಿಗೆ ಅಜ್ಜಿ ಇಟ್ಟುಕೊಂಡಿದ್ದರು. ಈಗ ಅಜ್ಜಿಯೂ ಇಲ್ಲ. ಮುದ್ರೆ ಗಿದ್ರೆ ಏನೂ ಇಲ್ಲ. ನಾವು ಮೂವರು ಅಣ್ಣತಮ್ಮಂದಿರು. ಇದಕ್ಕೆ ಬೆಲೆ ಕಟ್ಟಿ ಹಂಚಿಕೊಳ್ಳೋಣ ಅಂತ ಒಬ್ಬ ಅಂತಾನೆ. ‘ಹನ್ನೆರಡು ರೂಪಾಯಿ ಕರಡಿಗೆ’ ಅಂತ ಅಜ್ಜಿ ಹೇಳುತ್ತಿದ್ದರು. ಅಷ್ಟು ಅಗ್ಗವಾ?
(ಹಿರಿಯೂರು)

ಅಗ್ಗ ಅಲ್ಲ ತಮ್ಮ, ಅಜ್ಜಿ ಹೇಳಿದ್ದು ಬೆಲೆ ಅಲ್ಲ, ತೂಕ ಇರಬೇಕು. ಆಗಿನ ಒಂದು ರೂಪಾಯಿ ನಾಣ್ಯ ಅಂದರೆ ಒಂದು ತೊಲ, 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಸ್ಟರ್ಲಿಂಗಿಗೆ ಕೂದಲೆಳೆ ಕಮ್ಮಿ ಅಷ್ಟೇ. ತಕ್ಕಡಿಯ ಒಂದು ಕಡೆ ರೂಪಾಯಿ ಇಟ್ಟು ತೂಗುವುದು, ಎಷ್ಟೋ ಸಲ ಅದೇ ರೂಪಾಯಿಗಳನ್ನು ಅಕ್ಕಸಾಲಿಗರ ಕೈಗೆ ಕೊಟ್ಟು ಕರಗಿಸಿ ಸಾಮಾನು ಮಾಡಿಸುವುದು, ಹೀಗಿತ್ತು ಆಗ. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರಲ್ಲಿ ಪೂರ್ತಿ ಹೋಗಿ ನಿಕಲ್ ಬಂತು. ಹನ್ನೆರಡು ರೂಪಾಯಿ ತೂಕ ಅಂದರೆ ಸುಮಾರು 140 ಗ್ರಾಂ. ತೂಗಿ ನೋಡಿ. ಅದಕ್ಕಿಂತ ನಾಲ್ಕೈದು ಗ್ರಾಂ ಕಮ್ಮಿ ಬಂದರೆ ಅಕ್ಕಸಾಲಿಗರನ್ನು ಬೈಬೇಡಿ, ಅಜ್ಜನ ಎದೆ ಮೇಲೆ ಅಷ್ಟು ವರ್ಷ ಉಜ್ಜಿ ಸವೆದದ್ದು.

ಕೂಡಿಸುವವರು ಇಂಥದ್ದನ್ನು ಕೊಳ್ಳುತ್ತಾರೆ, ಗುಂಡನೆಯದಕ್ಕೂ ಚೌಕದ್ದಕ್ಕೂ ಗಿರಾಕಿ ಇದ್ದಾರೆ. ಆದರೆ 140 ಗ್ರಾಂ ಬೆಳ್ಳಿಯನ್ನು ಮೂರು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಬರುವುದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ನಮ್ಮ ಕಡೆ ಒಂದು ಮನೆಯಲ್ಲಿ ಹೀಗೇ ಆದಾಗ, ಕರಡಿಗೆ ವರ್ಷಕ್ಕೊಬ್ಬರ ಮನೆಯಲ್ಲಿ, ಶಿವರಾತ್ರಿಗೆ ಕೈ ಬದಲಾಗಬೇಕು ಅಂತ ಮಾಡಿಕೊಂಡರು. ಇಸಕೊಳ್ಳೋ ನೆಪದಲ್ಲಿ ಆವತ್ತು ಅಲ್ಲೇ ಊಟ.

ಮಾರುವುದೇ ಅಂತ ಮೂವರೂ ಒಪ್ಪಿದರೆ, ಉಜ್ಜದೆ ಹಾಗೇ ಒಂದು ಫೋಟೋ ಕಳಿಸಿ. ಮುಚ್ಚಳ ತೆಗೆದು ಒಳಗಿನದೂ ಬೇಕು, ದಾರ ಪೋಣಿಸುವ ಬಳೆಗಳ ಬೆಸುಗೆ ಕಾಣಬೇಕು.